ಹದಿನಾಲ್ಕನೇ ಮಹಡಿಯ ಮೇಲಿನ ಹಕ್ಕಿ

“ಕ್ಯಾಮೆರಾ ಒಳಗೆ ಬಿಡಲ್ಲ ಮೇಡಂ. ಮಗು ಕೈಲಂತೂ ಬೇಡವೇ ಬೇಡ,” ಎಂದರು ವಾಚ್‌ಮನ್.

ಕಡ್ಡಿ ಕ್ಯಾಮೆರಾವನ್ನು ಎರಡೂ ಕೈಯಲ್ಲಿ ಅವುಚಿಕೊಂಡಳು. “ಅಂಕಲ್, ನಾನು ಹಕ್ಕಿ ಫೋಟೋ ಮಾತ್ರ ತೆಗೆಯೋದು.”

“ಆಫೀಸೊಳಗೆ ಹಕ್ಕಿ ಎಲ್ಲಿಂದ ಬರುತ್ತಮ್ಮಾ? ಇಲ್ಲಿರೋದು ಬರೀ ಫೈಲು, ಫ್ಯಾನು.”

ಅಮ್ಮನಿಗೆ ತಡವಾಗುತ್ತಿತ್ತು. ಅವಳು ಲಿಫ್ಟ್ ಮೆಕ್ಯಾನಿಕ್. ಈ ಹದಿನಾಲ್ಕು ಮಹಡಿಯ ಕಟ್ಟಡದ ಎರಡು ಲಿಫ್ಟುಗಳಲ್ಲಿ ಒಂದು ಬೆಳಗ್ಗೆಯಿಂದ ಕೆಟ್ಟು ನಿಂತಿತ್ತು. “ಕೊಡು ಇಲ್ಲಿ,” ಎಂದು ಕ್ಯಾಮೆರಾ ತೆಗೆದುಕೊಂಡು ತನ್ನ ಸ್ಪ್ಯಾನರ್ ಚೀಲಕ್ಕೆ ಹಾಕಿ ಜಿಪ್ ಎಳೆದಳು. “ಚೀಲದಿಂದ ಹೊರಗೆ ಬರಬಾರದು,” ಎಂದು ವಾಚ್‌ಮನ್ ಒಪ್ಪಿದರು.

“ಅಮ್ಮಾ, ಇವತ್ತು ಡಿಸೆಂಬರ್ ಮೂವತ್ತೊಂದು!”

“ಗೊತ್ತು ಕಣೇ. ಬೆಳಗ್ಗೆಯಿಂದ ಹನ್ನೊಂದು ಸಲ ಹೇಳಿದ್ದೀಯ.”

“ಹಾಗಾದ್ರೆ ನಾನೂ ಮೇಲೆ ಬರ್ತೀನಿ.”

“ಮೆಷಿನ್ ರೂಮಿಗೆ ಮಕ್ಕಳು ಬರೋ ಹಾಗಿಲ್ಲ. ಇಲ್ಲೇ ಕೂತಿರು. ಒಂದು ಗಂಟೆ, ಅಷ್ಟೇ.” ಅಮ್ಮ ಸರಿಯಿದ್ದ ಲಿಫ್ಟ್ ಹತ್ತಿ ಹೋಗಿಯೇಬಿಟ್ಟಳು.

ಕಡ್ಡಿ ಕಿಟಕಿಯ ಪಕ್ಕದ ಬೆಂಚಿನಲ್ಲಿ ಕುಳಿತು ನೋಟ್‌ಬುಕ್ ತೆರೆದಳು. ಕಡ್ಡಿ ಎನ್ನುವುದು ಅವಳು ತೆಳ್ಳಗಿದ್ದುದಕ್ಕೆ ಬಿದ್ದ ಹೆಸರು. ಒಂದು ವರ್ಷದಲ್ಲಿ ನೂರು ಜಾತಿಯ ಹಕ್ಕಿಗಳ ಫೋಟೋ ತೆಗೆಯುತ್ತೇನೆಂದು ಅವಳು ಜನವರಿಯಲ್ಲಿ ಇಡೀ ಕ್ಲಾಸಿನ ಮುಂದೆ ಹೇಳಿದ್ದಳು. ಹಿಂದಿನ ಬೆಂಚಿನ ಹುಡುಗನೊಬ್ಬ, ಎಲ್ಲರೂ ಕನ್ನಡಕ ಎಂದು ಕರೆಯುವವನು, ನಕ್ಕುಬಿಟ್ಟಿದ್ದ. “ನಮ್ಮೂರಲ್ಲಿ ಇರೋದೇ ಕಾಗೆ, ಗುಬ್ಬಿ. ಮೂರನೇದು ಎಲ್ಲಿಂದ ತರ್ತೀಯ?”

ಮೂರನೆಯದನ್ನೂ ಆಮೇಲಿನವನ್ನೂ ಕೊಟ್ಟಿದ್ದು ಅಮ್ಮನ ವ್ಯಾನು. ಲಿಫ್ಟ್ ಕೆಟ್ಟ ಊರಿಗೆಲ್ಲ ಅಮ್ಮ ಹೋಗಲೇಬೇಕು. ರಜೆ ಇದ್ದರೆ ಕಡ್ಡಿಯೂ ಹೋಗುತ್ತಿದ್ದಳು. ಬಂದರಿನ ಹೋಟೆಲಿನಲ್ಲಿ ಲಿಫ್ಟ್ ನಿಂತಾಗ ನೀರುಕಾಗೆ ಸಿಕ್ಕಿತ್ತು. ಅದು ನಲವತ್ತೊಂದು. ಬೆಟ್ಟದ ಆಸ್ಪತ್ರೆಯ ಲಿಫ್ಟ್ ಬಾಗಿಲು ಮುಚ್ಚದೆ ಹಟ ಹಿಡಿದಾಗ ಮರಕುಟಿಗ, ಎಪ್ಪತ್ತಾರು. ಒಂದೊಂದಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ಸಾಲು: ನಂಬರು, ಹೆಸರು, ದಿನ, ಜಾಗ, ಹಕ್ಕಿ ಏನು ಮಾಡುತ್ತಿತ್ತು.

ಮೊದಲ ಪುಟದಲ್ಲಿ ಸೈನ್ಸ್ ಮಿಸ್ ಜೊತೆ ಕೂತು ಬರೆದ ಮೂರು ರೂಲ್ಸ್ ಇದ್ದವು. ಫೋಟೋ ಈ ವರ್ಷದ್ದಾಗಿರಬೇಕು. ಸಾಕಿದ ಹಕ್ಕಿ ಆಗಿರಬಾರದು. ಫೋಟೋ ನಾನೇ ತೆಗೆದಿರಬೇಕು.

ನಿನ್ನೆ ಸಂಜೆಗೆ ತೊಂಬತ್ತೊಂಬತ್ತು ಆಗಿತ್ತು.

ಕಿಟಕಿಯಾಚೆ ಒಂದು ಪಾರಿವಾಳ ಬಂದು ಕೂತಿತು. “ನೋಡು ಮರಿ, ಬಂತಲ್ಲ ನಿನ್ನ ಹಕ್ಕಿ!” ಎಂದರು ವಾಚ್‌ಮನ್.

“ಅದು ಆಗಿಹೋಗಿದೆ ಅಂಕಲ್. ನಂಬರ್ ನಾಲ್ಕು.”

“ಆಗಿಹೋಗೋಕೆ ಅದೇನು ಪರೀಕ್ಷೆನಾ?”

ಒಂದು ಗಂಟೆ ಎಂದಿದ್ದ ಅಮ್ಮ ಇಳಿದು ಬಂದದ್ದು ಎರಡು ಗಂಟೆಯ ಮೇಲೆ. ಮೊಣಕೈಗೆ ಗ್ರೀಸ್, ಕೂದಲಿಗೆ ಧೂಳು, ಮುಖ ಮಾತ್ರ ಊರಗಲ. ವಾಚ್‌ಮನ್ ಬಳಿಯಿದ್ದ ರಿಜಿಸ್ಟರಿಗೆ ಸಹಿ ಹಾಕಿ, ಕಡ್ಡಿಯನ್ನು ವ್ಯಾನಿಗೆ ಹತ್ತಿಸಿ, ಬಾಗಿಲು ಮುಚ್ಚಿದ ಮೇಲೆಯೇ ಅವಳು ಕ್ಯಾಮೆರಾ ಹೊರತೆಗೆದದ್ದು.

“ನೋಡು,” ಎಂದಳು.

ಮೊದಲ ಫೋಟೋದಲ್ಲಿ ಬರೀ ಗೋಡೆ ಇತ್ತು. ಎರಡನೆಯದರಲ್ಲಿ ಅಮ್ಮನ ಹೆಬ್ಬೆರಳು. ಮೂರನೆಯದನ್ನು ನೋಡಿ ಕಡ್ಡಿಯ ಬಾಯಿ ತೆರೆದಂತೆಯೇ ಉಳಿಯಿತು.

ಚಾಣ! ಎತ್ತರದಿಂದ ಕಲ್ಲಿನಂತೆ ಬಿದ್ದು, ಹಾರುತ್ತಿರುವ ಹಕ್ಕಿಯನ್ನೇ ಹಿಡಿಯುವ ಬೇಟೆಗಾರ. ವರ್ಷವೆಲ್ಲ ಹುಡುಕಿದರೂ ಅವಳಿಗೆ ಸಿಕ್ಕಿರಲಿಲ್ಲ. ಇಲ್ಲಿ ಕಾಲುಗಳು ಗೋಡೆಯ ಅಂಚಿನ ಮರೆಯಲ್ಲಿದ್ದರೂ ಕೊಕ್ಕೆಯಂಥ ಕೊಕ್ಕು, ಕಣ್ಣಿನ ಕೆಳಗಿನ ಕಪ್ಪು ಮೀಸೆ, ಎದೆಯ ಗೆರೆಗಳು ಎಲ್ಲವೂ ಎಣಿಸುವಷ್ಟು ಚೆನ್ನಾಗಿ ಕಾಣುತ್ತಿದ್ದವು. ಅವಳು ತೆಗೆದ ತೊಂಬತ್ತೊಂಬತ್ತರಲ್ಲಿ ಒಂದೂ ಇಷ್ಟು ಚೆನ್ನಾಗಿ ಬಂದಿರಲಿಲ್ಲ.

“ತಗೋ, ನಿನ್ನ ನೂರು!” ಎಂದು ಅಮ್ಮ ವ್ಯಾನ್ ಸ್ಟಾರ್ಟ್ ಮಾಡಿದಳು. “ಕೆಲಸ ಮುಗಿಸಿ ಹೊರಗೆ ಬರ್ತೀನಿ, ಟೆರೇಸಿನ ಗೋಡೆ ಮೇಲೆ ರಾಜನ ಥರ ಕೂತಿದೆ. ಹೊಟ್ಟೆ ಮೇಲೆ ತೆವಳಿದೆ ಕಣೇ, ಈ ವಯಸ್ಸಲ್ಲಿ! ಇಪ್ಪತ್ತು ನಿಮಿಷ ಉಸಿರು ಬಿಡದೆ ಮಲಗಿದ್ದೆ.”

“ಇಪ್ಪತ್ತು ನಿಮಿಷ ಉಸಿರೇ ಬಿಡ್ಲಿಲ್ವಾ?”

“ಮಧ್ಯೆ ಮಧ್ಯೆ ಬಿಟ್ಟೆ ಅನ್ನು. ಬರ್ಕೋ, ಬರ್ಕೋ.”

ಕಡ್ಡಿ ಪೆನ್ಸಿಲ್ ತೆಗೆದು ನಂಬರಿನ ಜಾಗದಲ್ಲಿ ನೂರು ಎಂದು ಬರೆದಳು. ಎಷ್ಟು ಚೆಂದ ಕಾಣುತ್ತಿತ್ತು! ಹೆಸರು, ದಿನ, ಜಾಗ ಬರೆದಳು. ‘ಹಕ್ಕಿ ಏನು ಮಾಡುತ್ತಿತ್ತು’ ಎನ್ನುವಲ್ಲಿಗೆ ಬಂದಾಗ ಪೆನ್ಸಿಲ್ ನಿಂತಿತು.

ನೀರುಕಾಗೆ ರೆಕ್ಕೆ ಬಿಚ್ಚಿ ಬಿಸಿಲಿಗೆ ಹಿಡಿದಿದ್ದು ಅವಳ ಕಣ್ಣಿಗೆ ಕಟ್ಟಿದಂತಿತ್ತು. ಮರಕುಟಿಗ ಕುಟ್ಟಿದ ಸದ್ದು ಈಗಲೂ ಕಿವಿಯಲ್ಲಿತ್ತು. ಈ ಚಾಣ ಏನು ಮಾಡುತ್ತಿತ್ತು? ಆ ಹೊತ್ತಿಗೆ ಅವಳು ಬೆಂಚಿನಲ್ಲಿ ಕೂತು ಪಾರಿವಾಳ ನೋಡುತ್ತಿದ್ದಳು.

ಯಾರಿಗೆ ತಾನೇ ಗೊತ್ತಾಗುತ್ತದೆ? ಬಟನ್ ಒತ್ತಿದವರ ಹೆಸರು ಫೋಟೋದಲ್ಲಿ ಬರುವುದಿಲ್ಲ. ತೊಂಬತ್ತೊಂಬತ್ತು ಎಂದರೆ ಕನ್ನಡಕ ಇಡೀ ವರ್ಷ ಆಡಿಕೊಳ್ಳುತ್ತಾನೆ. ಕಡ್ಡಿ ಹೊರಗೆ ನೋಡಿದಳು. ಬಿಸಿಲು ಕಟ್ಟಡಗಳ ಹಿಂದೆ ಇಳಿದಿತ್ತು. ತಂತಿಯ ಮೇಲೆ ಸಾಲಾಗಿ ಕೂತಿದ್ದವು ಕಾಗೆಗಳು.

“ಯಾಕೇ, ಫೋಟೋ ಸರಿ ಬಂದಿಲ್ವಾ?” ಅಮ್ಮನ ಧ್ವನಿ ಸಣ್ಣದಾಗಿತ್ತು.

“ತುಂಬಾ ಚೆನ್ನಾಗಿ ಬಂದಿದೆ. ಅಮ್ಮಾ, ಅದು ಏನು ಮಾಡ್ತಿತ್ತು?”

“ಅದಾ? ಒಂದು ಪಾರಿವಾಳ ಹಿಡಿದು ಪುಕ್ಕ ಕೀಳ್ತಿತ್ತು. ಒಂದೊಂದೇ, ಸೊಪ್ಪು ಬಿಡಿಸೋ ಹಾಗೆ. ಪುಕ್ಕ ಗಾಳಿಗೆ ಹಾರಿ ನನ್ನ ಮೂಗಿಗೆ ಬಂತು. ಸೀನು ತಡ್ಕೊಂಡೆ. ಆಗ ತಿರುಗಿ ನೋಡ್ತು ನೋಡು, ಕಣ್ಣಲ್ಲಿ ಕಣ್ಣಿಟ್ಟು!” ಅಮ್ಮ ಸ್ಟೀರಿಂಗ್ ಮೇಲೆ ಕೈ ಬಡಿದಳು. “ಮೈ ಜುಂ ಅಂತು ಕಣೇ.”

ಅಮ್ಮ ಹೀಗೆ ಮಾತಾಡಿದ್ದನ್ನು ಕಡ್ಡಿ ಹಿಂದೆಂದೂ ಕೇಳಿರಲಿಲ್ಲ. ಅವಳು ನೂರರ ಸಾಲನ್ನು ರಬ್ಬರಿನಿಂದ ಅಳಿಸಿದಳು. ಹೊಸ ಪುಟ ತೆರೆದು ಮತ್ತೆ ಬರೆಯತೊಡಗಿದಳು, ಸೀನು ತಡೆದುಕೊಂಡದ್ದನ್ನೂ ಬಿಡದೆ.

ಸಿಗ್ನಲ್ ಬಂತು. ಅಮ್ಮ ಬಗ್ಗಿ ನೋಡಿದಳು. ಪುಟದ ತಲೆಯ ಮೇಲೆ ‘ಅಮ್ಮ’ ಎಂದಿತ್ತು. ನಂಬರಿನ ಜಾಗದಲ್ಲಿ ಒಂದು.

“ಒಂದಾ? ನೂರಲ್ವೇನೇ?”

“ಅದು ನಿನ್ನ ಹಕ್ಕಿ ಅಮ್ಮಾ. ನಾನೇ ತೆಗೆದಿದ್ರೆ ಮಾತ್ರ ನನ್ನ ಲೆಕ್ಕ. ನನ್ನದು ತೊಂಬತ್ತೊಂಬತ್ತೇ.”

“ಒಂದು ಬಟನ್ ಒತ್ತಿದ್ದಕ್ಕೆ ಇಷ್ಟೆಲ್ಲಾನಾ? ಕಡ್ಡೀನ ಗುಡ್ಡ ಮಾಡ್ಬೇಡ.”

“ಬರೀ ಬಟನ್ ಅಲ್ಲ. ನಾನು ಅದನ್ನ ನೋಡೇ ಇಲ್ವಲ್ಲ.”

ಹಸಿರು ದೀಪ ಬಿತ್ತು. ಹಿಂದಿನವರು ಹಾರ್ನ್ ಹೊಡೆದರು. ಅಮ್ಮ ಗೇರ್ ಹಾಕಿ ವ್ಯಾನ್ ಮುಂದೆ ಬಿಟ್ಟಳು.

“ಬೇಜಾರಾಯ್ತಾ?” ಎಂದಳು ಕಡ್ಡಿ.

“ಸ್ವಲ್ಪ. ನಿನಗೆ?”

“ನನಗೂ ಸ್ವಲ್ಪ.”

ಅಮ್ಮ ಮತ್ತೊಮ್ಮೆ ಆ ಪುಟದತ್ತ ಕಣ್ಣು ಹಾಯಿಸಿದಳು. “ಈ ಒಂದು ನಾಳೆಗೂ ಇರುತ್ತಾ?”

“ಇಲ್ಲ. ನಾಳೆ ಹೊಸ ವರ್ಷ. ಎಲ್ಲರದ್ದೂ ಸೊನ್ನೆ.”

“ನಿನ್ನದೂ?”

“ನನ್ನದೂ.”

“ಹಾಗಾದ್ರೆ ಇಬ್ಬರೂ ಸಮ ಸಮ!” ಅಮ್ಮ ನೆಟ್ಟಗೆ ಕೂತಳು. “ಕ್ಯಾಮೆರಾ ಒಂದೇ ಇದೆಯಲ್ಲ. ನಾಳೆ ಮೊದಲು ಯಾರಿಗೆ?”

ನನಗೆ ಎನ್ನಲು ಕಡ್ಡಿ ಬಾಯಿ ತೆರೆದಳು. ಅಮ್ಮನ ಕಣ್ಣು ರಸ್ತೆಯ ಮೇಲಿರಲಿಲ್ಲ. ಎದುರಿನ ಕಟ್ಟಡಗಳ ತುದಿಯಲ್ಲಿ ಏನಾದರೂ ಕೂತಿದೆಯೇ ಎಂದು ಹುಡುಕುತ್ತಿತ್ತು.

“ರಸ್ತೆ ನೋಡಮ್ಮಾ,” ಎಂದಳು. “ಬೆಳಗ್ಗೆ ನಿನಗೆ. ಮಧ್ಯಾಹ್ನ ನನಗೆ.”

“ಯಾಕೆ ನನಗೆ ಬೆಳಗ್ಗೆ? ಆಗ ಹಕ್ಕಿ ಕಡಿಮೆ ಇರುತ್ತಾ?”

“ನೀನೇ ನೋಡುವೆಯಂತೆ ಬಿಡು,” ಎಂದು ಕಡ್ಡಿ ಕಿಟಕಿಯ ಕಡೆ ತಿರುಗಿದಳು.

ಹಕ್ಕಿಗಳು ಹೆಚ್ಚು ಸಿಗುವುದು ಬೆಳಗ್ಗೆಯೇ. ತೊಂಬತ್ತೊಂಬತ್ತು ಹಕ್ಕಿ ಕಂಡ ಅವಳಿಗೆ ಅದು ಗೊತ್ತಿತ್ತು. ಅಮ್ಮನಿಗೆ ಇನ್ನೂ ಗೊತ್ತಿರಲಿಲ್ಲ.