ಸದ್ದಿಲ್ಲದ ಕಾರು, ಎರಡು ಲಿಂಬೆ

ಬುಧವಾರ ಮಧ್ಯಾಹ್ನದ ಊಟದ ಗದ್ದಲ ಮುಗಿದು ನಾನು ರೊಟ್ಟಿ ಬುಟ್ಟಿಗೆ ಬಟ್ಟೆ ಮುಚ್ಚುತ್ತಿದ್ದಾಗ ರಜಿಯಾ ನನ್ನ ಖಾನಾವಳಿಯ ಹಿಂಬಾಗಿಲಲ್ಲಿ ಬಂದು ನಿಂತಳು. ಊಟಕ್ಕೆ ಬಂದವಳಲ್ಲ ಅಂತ ಮುಖ ನೋಡಿದರೇ ತಿಳಿಯುತ್ತಿತ್ತು. ಮೂಲೆಯಲ್ಲಿ ಮಜ್ಜಿಗೆ ಕುಡಿಯುತ್ತಿದ್ದ ನಾಗರತ್ನಕ್ಕನ ಹತ್ತಿರ ನೇರವಾಗಿ ಹೋದಳು.

"ಅಕ್ಕಾರ, ನನ್ನ ಗಂಡ ತಪ್ಪು ಮಾಡೀನಿ ಅಂತ ಎಲ್ಲಾರ ಮುಂದ ಒಪ್ಕೊಂಡಾನ. ಅಂವ ಮಾಡಿಲ್ಲ ಅಂತ ನೀವು ತೋರಿಸಿಕೊಡ್ರಿ."

"ಒಪ್ಪಿಕೊಂಡವನ್ನ ಬಿಡಸೂದು ಕಷ್ಟದ ಕೆಲಸ, ರಜಿಯಾ. ನಿನಗ್ಯಾಕ ಸಂಶಯ?"

"ಮುಶರಫನ ಕೆಲಸ ಎಲ್ಲೆರ ಕೆಟ್ಟಿತು ಅಂದ್ರ ಅಂವ ಅನ್ನ ನೀರು ಬಿಟ್ಟು ವೈರ್ ಬಿಚ್ಚಿ ಹುಡುಕ್ತಾನ. ಈ ಸಲ ಆ ಕಾರಿನ ಕಡೆ ತಿರುಗಿ ಸೈತ ನೋಡಿಲ್ಲ. ತಪ್ಪು ಎಲ್ಲೈತಿ ಅಂತ ಹುಡುಕದವ, ತಪ್ಪು ನಂದ ಅಂತ ಹೆಂಗ ಹೇಳ್ತಾನ? ದುಕಾನ್ ಬಂದ್ ಮಾಡಿ ಊರಿಗೆ ಹೋಗೂಣು ಅನ್ನಾಕತ್ಯಾನ, ಅಕ್ಕಾರ."

ನಾಗರತ್ನಕ್ಕ ಲೋಟ ಕೆಳಗಿಟ್ಟರು. ಮುಂಬಯಿಯ ಫೋರ್ಟ್ ಭಾಗದ ವಿಮಾ ಕಚೇರಿಯಲ್ಲಿ ಜಜ್ಜಿದ ಗಾಡಿಗಳನ್ನು ಪರೀಕ್ಷಿಸುತ್ತಲೇ ಕೂದಲು ಬೆಳ್ಳಗೆ ಮಾಡಿಕೊಂಡವರು ಅವರು. ನಿವೃತ್ತಿಯಾದ ಮೇಲೆ ವಡಾಲದ ನಮ್ಮ ಬಿಲ್ಡಿಂಗಿನಲ್ಲಿ ಯಾರ ಮನೆಯ ಏನು ಕಳೆದರೂ, ಯಾರ ಮೇಲೆ ಅನುಮಾನ ಬಂದರೂ ಅವರನ್ನೇ ಕೇಳುವುದು ವಾಡಿಕೆ. ನಾನು, ಅಣವೀರಪ್ಪ, ಅವರ ಜೊತೆಗಾರ. ಬುದ್ಧಿ ಅವರದು, ಓಡಾಟ ಮತ್ತು ಮಜ್ಜಿಗೆ ನನ್ನದು.

ಭಾನುವಾರ ನಡೆದದ್ದನ್ನು ನಾನೂ ಕಣ್ಣಾರೆ ನೋಡಿದ್ದೆ. ಗುರುಪಾದನದು ಹಳೆಯ ಹೈಬ್ರಿಡ್ ಕಾರು, ಪೆಟ್ರೋಲಿಗೂ ಓಡುತ್ತದೆ, ಬ್ಯಾಟರಿಗೂ ಓಡುತ್ತದೆ. ನಸುಕಿನಲ್ಲೇ ಅಂಧೇರಿಯ ವಿಮಾನ ನಿಲ್ದಾಣಕ್ಕೆ ಬಾಡಿಗೆ ಹೊರಟರೆ ಇಂಜಿನ್ನಿನ ಸದ್ದಿಗೆ ಇಡೀ ಬಿಲ್ಡಿಂಗು ಎದ್ದು ಕೂರುತ್ತಿತ್ತು. ಸೊಸೈಟಿ ಸೆಕ್ರೆಟರಿ ರುಕ್ಮಿಣಿಬಾಯಿ ಎರಡು ಸಲ ಜಗಳ ತೆಗೆದಿದ್ದರು. ಬರೀ ಬ್ಯಾಟರಿಯಲ್ಲಿ ಹೊರಡುವಂತೆ ಮಾಡುವ ಒಂದು ಸ್ವಿಚ್ ಹೊರಗೆ ಸಿಗುತ್ತದೆ, ಒಂದೇ ವೈರಿನ ಕೆಲಸ ಅಂತ ಮುಶರಫ ಹೇಳಿದ. ಅವನು ಗಾಡಿ ಇಲೆಕ್ಟ್ರಿಷಿಯನ್, ಗುರುಪಾದನ ಬಾಲ್ಯದ ಗೆಳೆಯ. ಇಬ್ಬರೂ ವಿಜಯಪುರದ ಒಂದೇ ಓಣಿಯವರು. ಗುರುಪಾದನ ತಾಯಿ ಸುಂದ್ರವ್ವನ ಕೈಯ ರೊಟ್ಟಿ ತಿಂದೇ ಮುಶರಫ ಮುಂಬಯಿಯಲ್ಲಿ ಕಾಲೂರಿದ್ದ. ಮೂರನೆಯವನು ಅನಿಲ. ಕೆಲಸ ಬರದಿದ್ದರೂ ಟಾರ್ಚ್ ಹಿಡಿಯಲು ಬರುವ ಗೆಳೆಯ.

ಮೂವರೂ ಕಾಂಪೌಂಡಿನಲ್ಲಿ ದಿನವಿಡೀ ಹಾಡು ಹಾಕಿಕೊಂಡು ಆ ಸ್ವಿಚ್ ಕೂರಿಸಿದರು. ಬಾಗಿಲು ತೆರೆದಾಗಲೆಲ್ಲ ಕಾರು ಕುಂಯ್ ಕುಂಯ್ ಅನ್ನುತ್ತಿತ್ತು. ರುಕ್ಮಿಣಿಬಾಯಿ ಗ್ಯಾಲರಿಯಿಂದ ಬೈದ ಮೇಲೆ ಆ ಸದ್ದು ನಿಂತಿತು. ಸಂಜೆ ಗುರುಪಾದ ಕಾಂಪೌಂಡಿನಲ್ಲಿ ಒಂದು ಸುತ್ತು ಹೊಡೆದ. ಇಂಜಿನ್ ಕೆಮ್ಮಲೂ ಇಲ್ಲ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಕಾರನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿದ. ಅನಿಲ ಎಂದಿನಂತೆ ಬಲಗಡೆಯ ಮುಂದಿನ ಗಾಲಿಗೆ ಇಟ್ಟಿಗೆ ಒತ್ತಿಟ್ಟ. ಮೇಲಿನಿಂದ ಸುಂದ್ರವ್ವ, "ರಾಹುಕಾಲ ಐತಿ, ಪೂಜಿ ಈಗ ಬ್ಯಾಡ," ಅಂದಳು. ಗೆಳೆಯರು ನನ್ನ ಖಾನಾವಳಿಗೆ ಮಿರ್ಚಿ ಭಜಿ ತಿನ್ನಲು ಬಂದರು.

ಭಜಿ ಮುಗಿಯುವಷ್ಟರಲ್ಲಿ ಕಾಂಪೌಂಡಿನಿಂದ ಕೂಗು ಕೇಳಿತು. ಕೈ ತೊಳೆಯಲು ಹೊರಗೆ ಹೋಗಿದ್ದ ಮುಶರಫ ಮೊದಲು ಓಡಿದ. ನಾವು ತಲುಪುವಷ್ಟರಲ್ಲಿ ಅವನು ಕಾರನ್ನು ಹಿಂದಕ್ಕೆ ತೆಗೆದು, ಇಳಿದು, ಕೆಳಗೆ ಕೂತಿದ್ದ. ಗೋಡೆಯ ಹತ್ತಿರ ಕುರ್ಚಿ ಹಾಕಿಕೊಂಡು ತೂಕಡಿಸುತ್ತಿದ್ದ ವಾಚ್‌ಮನ್ ಕಾಂತಪ್ಪನ ಕಾಲು ಮುರಿದಿತ್ತು. "ಒಳಗ ಯಾರೂ ಇರ್ಲಿಲ್ರಿ. ಸದ್ದಿಲ್ಲ ಸುದ್ದಿಲ್ಲ, ತಾನಾಗೇ ಬಂತು," ಅಂತ ಅಳುತ್ತಿದ್ದ.

"ನನ್ನ ವೈರಿಂಗ್ ತಪ್ಪೈತಿ," ಅಂದ ಮುಶರಫ. ಅಷ್ಟೇ. ಮಾರನೆಯ ದಿನ ಅವನು ಕಾಂಪೌಂಡಿಗೆ ಕಾಲಿಡಬಾರದು ಅಂತ ರುಕ್ಮಿಣಿಬಾಯಿ ಫಲಕ ಹಾಕಿಸಿದರು. ಅವನ ಗಿರಾಕಿಗಳೂ ಬೇರೆ ಅಂಗಡಿ ಹುಡುಕಿದರು.

ಬುಧವಾರ ರಜಿಯಾ ಹೋದ ಮೇಲೆ ನಾಗರತ್ನಕ್ಕ ಕಾರಿನ ಸುತ್ತ ಒಂದು ಸುತ್ತು ಬಂದರು. ಎಡಗಡೆಯ ಮುಂದಿನ ಗಾಲಿಯ ಗೀರುಗಳಲ್ಲಿ ಲಿಂಬೆ ಸಿಪ್ಪೆ ಒಣಗಿ ಅಂಟಿತ್ತು. ಇಟ್ಟಿಗೆ ಪಕ್ಕದಲ್ಲೇ, ತುಳಸಿ ಕುಂಡಕ್ಕೆ ಆನಿಸಿ ನೀಟಾಗಿ ಇಟ್ಟಿತ್ತು. ಗಟಾರದ ಅಂಚಿನಲ್ಲಿ ಇನ್ನೊಂದು ಲಿಂಬೆ ಇಡಿಯಾಗಿ ಬಿದ್ದಿತ್ತು, ಮೇಲೆ ಕುಂಕುಮ.

"ಮುಂಬಯಿಯೊಳಗ ಲಿಂಬಿಹಣ್ಣು ಬೀಳದ ಜಾಗಾ ಎಲ್ಲೈತಿ ಅಕ್ಕಾ," ಅಂದೆ ನಾನು. "ಪ್ರತಿ ಶನಿವಾರ ಅಂಗಡಿ ಅಂಗಡಿಗೂ ಕಟ್ಟಿ ಒಗೀತಾರ."

"ಕಟ್ಟಿ ಒಗದ ಲಿಂಬಿಗೆ ದಾರದ ತೂತು ಇರ್ತದ, ಅಣವೀರಪ್ಪಾ. ಇದಕ್ಕ ಇಲ್ಲ."

ಗುರುಪಾದನಿಗೆ ಅವರು ಕೇಳಿದ್ದು ಒಂದೇ ಪ್ರಶ್ನೆ. ಭಜಿ ತಿನ್ನುವಾಗ ಕಾರಿನ ಕೀಲಿ ಎಲ್ಲಿತ್ತು? "ನನ್ನ ಕಿಸೆದಾಗ," ಅಂದ ಅವನು. ಸುಂದ್ರವ್ವನನ್ನು ಕೇಳಿದ್ದೂ ಒಂದೇ. ಆ ಸಂಜೆ ಕೆಳಗೆ ಬಂದಿದ್ದೆಯಾ? "ನನ್ನ ಮೊಣಕಾಲು ನೋವು, ನಾ ಇಳಿದೇ ಇಲ್ಲ," ಅಂದಳು ಆಕೆ, ಸೆರಗಿನ ತುದಿ ತಿರುವುತ್ತ.

ಮಾರನೆಯ ದಿನ ಊಟದ ಹೊತ್ತು ಕಳೆದ ಮೇಲೆ ಎಲ್ಲರನ್ನೂ ಖಾನಾವಳಿಗೆ ಕರೆಸಿದರು. ಗುರುಪಾದ, ಸುಂದ್ರವ್ವ, ಅನಿಲ, ರುಕ್ಮಿಣಿಬಾಯಿ ಒಂದು ಕಡೆ. ಮುಶರಫ ರಜಿಯಾಳ ಪಕ್ಕದಲ್ಲಿ, ತಲೆ ತಗ್ಗಿಸಿಕೊಂಡು.

"ಮೊದಲು ಈ ಸ್ವಿಚ್ಚಿನ ಮಾತು," ಅಂತ ನಾಗರತ್ನಕ್ಕ ಶುರು ಮಾಡಿದರು. "ಇದು ಕಾರಿಗೆ ಒಂದೇ ಒಂದು ಮಾತು ಹೇಳ್ತದ, ಪೆಟ್ರೋಲ್ ಬ್ಯಾಡ, ಬ್ಯಾಟರಿ ಮ್ಯಾಲ ನಡಿ ಅಂತ. ಬಂದ್ ಇದ್ದ ಕಾರನ್ನ ಇದು ಚಾಲೂ ಮಾಡಂಗಿಲ್ಲ, ಗೇರಿಗೂ ಹಾಕಂಗಿಲ್ಲ. ವೈರ್ ತಪ್ಪಿದ್ರ ಸ್ವಿಚ್ ಕೆಲಸ ಮಾಡಂಗಿಲ್ಲ, ಅಷ್ಟ. ಹೌದಲ್ಲೋ ಮುಶರಫ?"

ಮುಶರಫ ಮೇಜಿನ ಮೇಲಿನ ಉಪ್ಪಿನ ಬಟ್ಟಲನ್ನು ಆಚೆ ಸರಿಸಿದ.

"ಕೀಲಿ ಗುರುಪಾದನ ಕಿಸೆದಾಗ ಇತ್ತು. ಹತ್ರ ಕೀಲಿ ಇಲ್ಲದ ಈ ಕಾರು ಚಾಲೂ ಆಗಂಗಿಲ್ಲ. ಒಮ್ಮಿ ಚಾಲೂ ಆತಂದ್ರ ಕೀಲಿ ದೂರ ಹೋದ್ರೂ ಬಂದ್ ಆಗಂಗಿಲ್ಲ. ಹಂಗಾದ್ರ ಮೊದಲು ಓಡಿದ ಮುಶರಫ ಅದನ್ನ ಹೆಂಗ ಹಿಂದಕ್ಕ ತಗದ? ಅದು ಮೊದಲ ಚಾಲೂ ಇತ್ತು. ಗೇರಿನಾಗೇ ಇತ್ತು. ಕಡೀಕ ಓಡಿಸಿದವ ಅದನ್ನ ಬಂದ್ ಮಾಡೇ ಇರ್ಲಿಲ್ಲ."

ಗುರುಪಾದ ಕುರ್ಚಿಯಿಂದ ಅರ್ಧ ಎದ್ದ. "ನಾನು? ಅಕ್ಕಾರ, ಇಂಜಿನ್ ಸದ್ದೇ ಇರ್ಲಿಲ್ಲ..."

"ಅದ ಮೋಸ ಆಗಿದ್ದು. ನೀ ಮೊದಲಿಂದ ಡೀಸೆಲ್ ಟ್ಯಾಕ್ಸಿ ಓಡಿಸಿದವ. ಸದ್ದು ನಿಂತ್ರ ಗಾಡಿ ನಿಂತಂಗ. ಹ್ಯಾಂಡ್ ಬ್ರೇಕ್ ನಂಬಂಗಿಲ್ಲ, ಇಟ್ಟಿಗಿ ನಂಬತಿ. ನೀ ಬ್ರೇಕ್ ಒತ್ತಿ ಕುಂತಾಗ ಅನಿಲ ಇಟ್ಟಿಗಿ ಒತ್ತಿಟ್ಟ. ಕಾಲು ತಗದರೂ ಕಾರು ಅಲುಗಲಿಲ್ಲ, ನೀ ಇಳದಿ. ಹಿಂಗ ಇಳದ್ರ ಈ ಕಾರು ಕುಂಯ್ ಅಂತ ಒದರ್ತದ. ಆದ್ರ ಆ ಸದ್ದಿನ ವೈರ್ ನೀವು ಮಧ್ಯಾಹ್ನನ ಕಿತ್ತಿದ್ರಿ."

ರುಕ್ಮಿಣಿಬಾಯಿ ಕುರ್ಚಿಯಲ್ಲಿ ಸರಿದು ಕೂತರು. "ಅರೆ ದೇವಾ, ಬೈದದ್ದು ನಾನೇ," ಅಂದರು ಮೆಲ್ಲಗೆ.

"ಮತ್ತ ಕಾರು ಹೊಂಟದ್ದು ಆಮ್ಯಾಲ ಯಾಕ?" ಅಂತ ಅನಿಲ ಕೇಳಿದ. "ನಾವು ಭಜಿ ತಿನ್ನೂತನಕ ಸುಮ್ಮನ ನಿಂತಿತ್ತಲ್ಲ?"

"ಇಟ್ಟಿಗಿ ತಡದಿತ್ತು. ಬ್ಯಾಟರಿ ಮೆಲ್ಲಕ ನೂಕೂದು, ಇಟ್ಟಿಗಿ ತಡಿಯೂದು. ಯಾರೋ ಆ ಇಟ್ಟಿಗಿ ತಗದು ನೀಟಾಗಿ ತುಳಸಿ ಹತ್ರ ಇಟ್ರು. ಗಾಡಿ ಕದಿಯಾಕ ಬಂದವ ಇಟ್ಟಿಗಿ ಒಗೀತಾನ, ಆನಿಸಿ ಇಡಂಗಿಲ್ಲ. ಹೊಸಾದೇನರ ಕೂರಿಸಿದ್ರ ನಮ್ಮ ಮಂದಿ ಗಾಲಿಗೆ ಲಿಂಬಿ ಇಟ್ಟು ದಾಟಿಸ್ತಾರ. ಬಲಗಾಲಿ ಮುಂದ ಇಟ್ಟಿಗಿ ಇದ್ರ ಲಿಂಬಿ ಎಲ್ಲಿಡೂದು? ಅದಕ್ಕ ತಗದ್ರು. ಎಡಗಾಲಿಗೆ ಲಿಂಬಿ ಮೊದಲ ಇಟ್ಟಾಗಿತ್ತು. ಬಲಗಾಲಿಗೆ ಇಡೂದ್ರೊಳಗ ಕಾರು ಹೊಂಟಿತು. ಒಂದು ಜಜ್ಜಿತು, ಒಂದು ಇಡಿ ಉಳೀತು. ಓಡಿಸೂ ಮಂದಿ ಪೂಜಿ ಮಾಡಿದ್ರ ಎರಡೂ ಜಜ್ಜತಿದ್ವು." ನಾಗರತ್ನಕ್ಕ ದನಿ ತಗ್ಗಿಸಿದರು. "ರಾಹುಕಾಲ ಮುಗೀಲಿ ಅಂತ ಕಾಯ್ದವರು ಒಬ್ಬರ, ಸುಂದ್ರವ್ವಾ."

ಸುಂದ್ರವ್ವ ಅಳಲಿಲ್ಲ. ಎರಡೂ ಕೈಯನ್ನು ಮೇಜಿನ ಮೇಲೆ ಇಟ್ಟು ಅವುಗಳನ್ನೇ ನೋಡಿದಳು.

"ನನ್ನ ಕೈ ಮುಂದನ ಹೊಂಟಿತು. ದೇವರ ಸಿಟ್ಟು ಅಂದ್ಕೊಂಡೆ. ಕಾಂತಪ್ಪ ಒದರಿದ. ನಾ ಜಿನಿ ಮೆಟ್ಟಲಾ ಹತ್ತಿ ಮ್ಯಾಲ ಓಡಿದೆ. ಹೇಳಬೇಕಂತ ಕೆಳಗ ಬರೂದ್ರೊಳಗ ಮುಶರಫ ನಂದ ತಪ್ಪು ಅಂತ ಹೇಳಿಬಿಟ್ಟಿದ್ದ. ನಾ ಸುಮ್ಮನಾದೆ. ಆಮ್ಯಾಲ ಪ್ರತಿ ದಿನ ಹೇಳೂದು ಇನ್ನಷ್ಟು ಕಷ್ಟ ಆತು." ಆಕೆ ಮುಶರಫನ ಕಡೆ ತಿರುಗಿದಳು. "ನಿನಗ ಗೊತ್ತಿತ್ತು, ಹೌದಲ್ಲೋ?"

"ಜಿನಿ ಮ್ಯಾಲ ನಿಮ್ಮ ಬೆನ್ನು ಕಂಡಿತ್ತು, ಅವ್ವಾ," ಅಂದ ಮುಶರಫ. "ಒಳಗ ನೋಡಿದ್ರ ಕಾರು ಗೇರಿನಾಗಿತ್ತು. ಗುರುನ ಲೈಸೆನ್ಸ್ ಹೋಗ್ತೈತಿ. ನಿಮ್ಮನ್ನ ಪೊಲೀಸ್ ಕೇಳ್ತಾರ. ನಂದು ಹೆಂಗೂ ರಿಪೇರಿ ಕೆಲಸ, ತಪ್ಪತೈತಿ ಅಂತ ಮಂದಿ ನಂಬತಾರ ಅನಿಸ್ತು."

ಗುರುಪಾದ ಎದ್ದು ಹೋಗಿ ಅವನ ಹೆಗಲ ಮೇಲೆ ಕೈ ಇಟ್ಟ. "ಹುಚ್ಚ ಅದೀ ಏನಲೇ. ಒಂದು ಮಾತು ನನಗ ಹೇಳಬಾರದಾಗಿತ್ತಾ?"

ಮುಶರಫ ಆ ಕೈಯನ್ನು ಮೆಲ್ಲಗೆ ಕೆಳಗಿಳಿಸಿದ.

"ನಾ ಸುಳ್ಳು ಹೇಳಿದೆ, ಖರೆ. ಆದ್ರ ನೀ ಅದನ್ನ ನಂಬಿದಿ, ಗುರು. ಇಷ್ಟು ವರ್ಷ ನನ್ನ ಕೈಕೆಲಸ ನೋಡೀದಿ. ಹೌದೇನಲೇ, ತಪ್ಪು ನಿಂದ ಏನು ಅಂತ ಒಮ್ಮಿ ಬಂದು ಕೇಳ್ತಿ ಅಂತ ನಾಕು ರಾತ್ರಿ ಬಾಗಿಲಾ ನೋಡಿದೆ. ಗೇಟಿನಾಗ ನನ್ನ ಹೆಸರಿನ ಫಲಕ ಹಾಕುವಾಗ ನೀ ಅಲ್ಲೇ ನಿಂತಿದ್ದಿ ಅಂತ ಅನಿಲ ಹೇಳಿದ."

ಗುರುಪಾದ ತನ್ನ ಕುರ್ಚಿಗೆ ಮರಳಿ ಕೂತ. ಕೊಟ್ಟ ಚಹಾ ಯಾರೂ ಮುಟ್ಟಲಿಲ್ಲ.

ಅದೇ ಸಂಜೆ ಗುರುಪಾದ ತಾನೇ ಪೊಲೀಸ್ ಸ್ಟೇಷನ್ನಿಗೆ ಹೋಗಿ ನಡೆದದ್ದನ್ನು ಹೇಳಿದ. ಸುಂದ್ರವ್ವ ಆಸ್ಪತ್ರೆಗೆ ಹೋಗಿ ಕಾಂತಪ್ಪನ ಎದುರು ಕೈ ಮುಗಿದಳು, ದಿನಾ ಅವನಿಗೆ ಡಬ್ಬಿ ಒಯ್ಯತೊಡಗಿದಳು. ರುಕ್ಮಿಣಿಬಾಯಿ ಫಲಕ ಕಿತ್ತು, ಮುಶರಫನ ತಪ್ಪಿಲ್ಲ ಅಂತ ಹೊಸ ನೋಟಿಸು ಹಚ್ಚಿದರು. ಗಿರಾಕಿಗಳು ಮರಳಿದರು, ರಜಿಯಾ ನನಗೆ ಒಂದು ಬಟ್ಟಲು ಹಾಲು ಶ್ಯಾವಿಗೆಯ ಶೀರ್ ಕುರ್ಮಾ ಕಳಿಸಿದಳು. ಇಷ್ಟೆಲ್ಲ ಒಳ್ಳೆಯದಾದರೂ ನಾಗರತ್ನಕ್ಕ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. "ಮುರಿದದ್ದು ಯಾವುದು ಅಂತಷ್ಟ ನನಗ ಹೇಳಾಕ ಬರ್ತದ, ಅಣವೀರಪ್ಪಾ," ಅಂದರು.

ಮುಂದಿನ ವಾರ ಸ್ವಿಚ್ ತೆಗೆಸಿಬಿಡುತ್ತೇನೆ ಅಂತ ಗುರುಪಾದ ಹೊರಟ. ಒಬ್ಬನೇ ಹೋಗಲು ಧೈರ್ಯ ಸಾಲದೆ ನನ್ನನ್ನೂ ಕರೆದುಕೊಂಡ. ಆ ಅಂಗಡಿಗೆ ಅವನು ಹೋದಾಗಲೆಲ್ಲ ಹಳೆಯ ಬ್ಯಾಟರಿ ಪೆಟ್ಟಿಗೆಯ ಮೇಲೆ ಕೂತು, ಮುಶರಫನ ಕೈಯ ಚಹಾ ಕಸಿದು ಅರ್ಧ ಕುಡಿದು, ಬೈಸಿಕೊಂಡು ಬರುವವನು. ಅಂದು ಮುಶರಫ ನಮ್ಮನ್ನು ಕಂಡು ಕೈ ಒರೆಸಿಕೊಂಡು ಎದ್ದ. ಒಳಗಿನಿಂದ ಗಿರಾಕಿಗಳ ಪ್ಲಾಸ್ಟಿಕ್ ಕುರ್ಚಿ ತಂದು, ಅರಿವೆಯಿಂದ ಧೂಳು ಜಾಡಿಸಿ, ಗುರುಪಾದನ ಮುಂದೆ ಇಟ್ಟ.

"ಬರ್ರಿ, ಕುಂದರ್ರಿ. ಗಾಡಿದು ಏನು ಮಾಡಿಸಬೇಕಾಗಿತ್ತು?" ಅಂದ.

ಗುರುಪಾದ ಆ ಹಳೆಯ ಬ್ಯಾಟರಿ ಪೆಟ್ಟಿಗೆಯ ಕಡೆ ಒಮ್ಮೆ ನೋಡಿದ. ಆಮೇಲೆ ಆ ಕುರ್ಚಿಯಲ್ಲಿ ಕೂತು, ಸ್ವಿಚ್ ತೆಗೆಸಬೇಕಾಗಿತ್ತು ಅಂದ.