ಕಹಿ ತೆಗೆದ ಔಷಧಿ

ಮಂಗಳವಾರ ಬೆಳಗ್ಗೆ ಠಾಣೆಗೆ ಓಡಿಬಂದ ಟೈಲರ್ ಕೊರಳಿನ ಅಳತೆ ಟೇಪನ್ನೂ ತೆಗೆದಿರಲಿಲ್ಲ. ಆರು ವರ್ಷದ ಮಗಳಿಗೆ ಮಲೇರಿಯಾ. ಜ್ವರವೇನೋ ಬಿಟ್ಟಿತು, ಆದರೆ ಎದ್ದವಳು ದೀಪ ಹಾಕು ಎಂದಳಂತೆ. ಬಿಸಿಲು ಹಾಸಿಗೆಯ ಮೇಲೇ ಬಿದ್ದಿತ್ತು. ಡಾಕ್ಟರು ಏನೋ ಎಡವಟ್ಟು ಮಾಡಿದ್ದಾರೆಂದು ದೂರು. ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿದರು.

ಡಾಕ್ಟರು ಬರೆದದ್ದು ಕ್ವಿನೈನ್ ಮಾತ್ರೆ, ಮಗುವಿನ ತೂಕಕ್ಕೆ ತಕ್ಕಷ್ಟೇ. ಅಷ್ಟಕ್ಕೆ ಕಣ್ಣು ಹೋಗುವುದು ತೀರಾ ಅಪರೂಪ, ಮಿತಿ ಮೀರಿದರೆ ಮಾತ್ರ ಹೇಳಲಾಗದು ಎಂದರು.

ಟೈಲರ್ ಮನೆಯ ಪಂಚನಾಮೆಯಲ್ಲಿ ಮಾತ್ರೆಗಳೇ ಸಿಗಲಿಲ್ಲ. ಹಾಸಿಗೆಯ ಪಕ್ಕ ಒಂದು ಖಾಲಿ ಸೀಸೆ, ಮೇಲೆ ಅಕ್ಷರವಿಲ್ಲ, ಒಳಗೆ ಬಾಳೆಹಣ್ಣಿನ ವಾಸನೆ. ಕಹಿಗೆ ಮಗು ಮಾತ್ರೆ ಉಗಿಯುತ್ತದೆ ಎಂದಾಗ ಮೆಡಿಕಲ್ ಶಾಪಿನವನೇ ಅಷ್ಟನ್ನೂ ಅರೆದು ಸಕ್ಕರೆ ಪಾಕದಲ್ಲಿ ಕಲಸಿಕೊಟ್ಟನಂತೆ. ಹೇಳಿದಷ್ಟೇ ಚಮಚ ಕೊಟ್ಟೆ ಎಂದಳು ತಾಯಿ. ಹಾಗಾದರೆ ಉಳಿದದ್ದೆಲ್ಲಿ?

ಆಸ್ಪತ್ರೆಯಲ್ಲಿ ಬೂಟಿನ ಸದ್ದು ಕೇಳಿದ್ದೇ ಹುಡುಗಿ ಗೋಡೆಯ ಕಡೆ ಹೊರಳಿದಳು. ಇನ್‌ಸ್ಪೆಕ್ಟರ್ ‘ರೇಡಿಯೊ’ ಎಂಬ ಅಡ್ಡಹೆಸರಿನ ಕಾನ್ಸ್‌ಟೇಬಲ್‌ಗೆ ಸನ್ನೆ ಮಾಡಿದರು. ಸಾಹೇಬರದೇ ದನಿಯಲ್ಲಿ ಠಾಣೆಗೆಲ್ಲ ರಜೆ ಘೋಷಿಸಿ ಮೆಮೊ ಗಿಟ್ಟಿಸಿದ್ದ ಪ್ರತಿಭಾವಂತ ಅವನು. ಬೂಟು ಕಳಚಿ, ಮಂಚದ ಕೆಳಗೆ ತೂರಿ ಬೆಕ್ಕಾದ.

“ಮಿಯಾಂವ್. ಪುಟ್ಟೀ, ಆ ಸೀಸೇಲಿ ನಂಗೂ ಚೂರು ಇಟ್ಟಿದ್ಯೇನೇ?”

“ಇಲ್ಲ. ಅಮ್ಮ ಮಲಗಿದ್ದಾಗ ಎಲ್ಲಾ ನಾನೇ ಕುಡಿದ್ಬಿಟ್ಟೆ.”

“ಥೂ, ಕಹಿ ಇರ್ಲಿಲ್ವಾ?”

“ಸಿಹಿ ಇತ್ತು.” ಆಮೇಲೆ ಪಿಸುದನಿಯಲ್ಲಿ, “ಪೊಲೀಸ್ ಮಾಮಂಗೆ ಹೇಳ್ಬೇಡ. ನನ್ನ ಹಿಡ್ಕೊಂಡು ಹೋಗ್ತಾರೆ.”

ಬೆಕ್ಕು ಬೂಟನ್ನು ಕೈಯಲ್ಲೇ ಹಿಡಿದು ಸದ್ದಿಲ್ಲದೆ ಹೊರಗೆ ಹೋಯಿತು.

ಸಂಜೆ ಅಂಗಡಿಯ ಹಿಂಕೋಣೆಯಲ್ಲಿ ಅರೆಯುವ ಕಲ್ಲು, ಪಾಕದ ಡಬ್ಬಿ, ಬಾಳೆಹಣ್ಣಿನ ಎಸೆನ್ಸ್ ಜಪ್ತಿಯಾದವು. ಔಷಧಿ ಕಲಸಲು ಪರವಾನಗಿಯಿಲ್ಲ, ಸೀಸೆಗೆ ಎಚ್ಚರಿಕೆ ಚೀಟಿಯಿಲ್ಲ. ಶಾಪಿನವನು ಯಾವುದನ್ನೂ ಅಲ್ಲಗಳೆಯದೆ ಕೈ ಮುಂದೆ ಮಾಡಿದ.

“ಯಾಕಯ್ಯಾ ಸಿಹಿ ಮಾಡ್ದೆ?” ಎಂದರು ಇನ್‌ಸ್ಪೆಕ್ಟರ್.

“ನನ್ನ ಮಗಳೂ ಉಗೀತಿದ್ಲು ಸಾರ್. ಅಳೋದು ನೋಡೋಕಾಗ್ದೆ, ನಾಳೆ ಕೊಟ್ರಾಯ್ತು ಅಂತ ಬಿಟ್ಟೆ. ಜ್ವರ ನಾಳೆ ತನಕ ಕಾಯ್ಲಿಲ್ಲ.”

ಜೀಪಿನಲ್ಲಿ ಅವನು ಟೈಲರ್ ಮಗಳ ಕಣ್ಣಿನ ಬಗ್ಗೆ ಕೇಳಿದ. ಎದುರಿಗಿರುವುದು ದಿನ ಕಳೆದಂತೆ ಕಂಡೀತು, ಅಕ್ಕಪಕ್ಕದ್ದು ಕಷ್ಟ ಎಂದು ಡಾಕ್ಟರು ಹೇಳಿದ್ದನ್ನು ರೇಡಿಯೊ ತನ್ನ ಸ್ವಂತ ದನಿಯಲ್ಲಿ ಹೇಳಿದ.

“ಜ್ವರ?”

“ಪೂರ್ತಿ ಬಿಟ್ಟಿದೆ.”

“ಹಾಗಾದ್ರೆ ಮಗು ಉಳೀತು” ಎಂದವನು, ತನ್ನ ದನಿಯಲ್ಲಿದ್ದ ಸಮಾಧಾನ ತನಗೇ ಕೇಳಿಸಿ, ಬೇಡಿ ಹಾಕಿದ ಕೈಗಳಿಂದ ಬಾಯಿ ಮುಚ್ಚಿಕೊಂಡ.