ಎಡಕ್ಕೆ ಸರಿದ ದನಿ

ಪೆಟ್ಟಿಗೆ ಇತ್ತು. ಗ್ಯಾರಂಟಿ ಕಾರ್ಡು ಇತ್ತು. ಹೆಣೆದ ತಂತಿ ಸುತ್ತಿಟ್ಟ ಹಾಗೆಯೇ ಇತ್ತು. ಇಯರ್‌ಫೋನ್ ಮಾತ್ರ ಇರಲಿಲ್ಲ.

ಗುಬ್ಬಿ ಪೆಟ್ಟಿಗೆಯೊಳಗಿನ ಮೆತ್ತನೆಯ ಹಾಸನ್ನು ಕಿತ್ತು ನೋಡಿದಳು. ಕಪಾಟಿನ ಮೂಲೆಮೂಲೆಗೂ ಕೈಯಾಡಿಸಿದಳು. ನೆಲಕ್ಕೆ ಕೆನ್ನೆ ತಾಗಿಸಿ ಕೌಂಟರಿನ ಅಡಿ ಇಣುಕಿದಳು. ಧೂಳು ಬಿಟ್ಟರೆ ಏನೂ ಇಲ್ಲ. ಕಪಾಟಿನ ಬೀಗದ ಮೇಲೆ ಒಂದು ಗೀರೂ ಇರಲಿಲ್ಲ, ಅವಳು ಹೆದರಿದ್ದು ಅದಕ್ಕೇ. ಬೀಗ ಒಡೆದಿದ್ದರೆ ಕಳ್ಳ ಹೊರಗಿನವನೆಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಒಡೆಯದ ಬೀಗದ ಕೀಲಿಕೈ ರಾತ್ರಿಯೆಲ್ಲ ಅವಳ ಕೈಚೀಲದಲ್ಲೇ ಇತ್ತು.

ಟೈಲರ್ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಆ ಮಳಿಗೆಯಲ್ಲಿ ಸಿಗುತ್ತಿದ್ದುದು ಕಿವಿಯೊಳಗೆ ಕೂರುವ ಇಯರ್‌ಫೋನ್ ಮಾತ್ರ. ಅದೂ ಬೆಲೆ ಕೇಳಿದರೆ ಕಿವಿ ಬಿಸಿಯಾಗುವಂಥವು. ಕಾಣೆಯಾದದ್ದು ಅವುಗಳಲ್ಲೆಲ್ಲ ದುಬಾರಿ, ಬೂದಿ ಬಣ್ಣದ ಹೊಸ ಜೋಡಿ. ಇನ್ನೂ ಮಾರಾಟಕ್ಕೆ ಬಂದಿರಲಿಲ್ಲ. ತಯಾರಕರು ಒಂದೇ ಒಂದು ಜೋಡಿ ಕಳಿಸಿದ್ದರು, ಒಂದು ಪರೀಕ್ಷೆಗಾಗಿ.

ಪರೀಕ್ಷೆ ಅವತ್ತೇ, ಸಂಜೆ ನಾಲ್ಕಕ್ಕೆ. ಕಪ್ಪು, ಬೆಳ್ಳಿ, ಬೂದಿ, ಮೂರು ಜೋಡಿ. ಕಣ್ಣಿಗೆ ಬಟ್ಟೆ ಕಟ್ಟಿ, ಒಂದಾದ ಮೇಲೊಂದು ಕಿವಿಗಿಟ್ಟು ಕೇಳಿಸುತ್ತಾರೆ. ಯಾವುದು ಯಾವುದೆಂದು ಗುರುತಿಸಬೇಕು. ಗುರುತಿಸಿದರೆ ಬೂದಿ ಜೋಡಿಯ ಮಾರಾಟದ ಹಕ್ಕು ಈ ಅಂಗಡಿಗೆ, ತಪ್ಪಿದರೆ ಎದುರು ರಸ್ತೆಯ ಅಂಗಡಿಯವರಿಗೆ. ಕೋಣೆಯಲ್ಲಿ ತಯಾರಕರ ಕಡೆಯವರು ಬಿಟ್ಟರೆ ಅಂಗಡಿಯ ಬೇರೆ ಯಾರೂ ಇರಕೂಡದು. ಕೂರಬೇಕಾದವರು ಕಿವಿಯಣ್ಣ.

ಕಿವಿಯಣ್ಣ ಎಂದರೆ ಗುಬ್ಬಿಯ ಸೋದರಮಾವ. ಅವರು 'ಇದು ನಿಮಗಲ್ಲ' ಎಂದರೆ ಗಿರಾಕಿ ಜೇಬಿಗೆ ಹಾಕಿದ ಕೈಯನ್ನು ಹಾಗೇ ಹೊರಗೆ ತೆಗೆಯುತ್ತಿದ್ದ. ಅವಳನ್ನು ಅಂಗಡಿಗೆ ಸೇರಿಸಿದವರೂ ಅವರೇ, ಕೇಳುವುದನ್ನು ಕಲಿಸಿದವರೂ ಅವರೇ.

ಯಜಮಾನರದು ಹಿತ್ತಾಳೆ ಕಿವಿ. ಕೊನೆಗೆ ಮಾತಾಡಿದವರ ಮಾತೇ ಅವರಿಗೆ ನಿಜ. ಅವತ್ತು ಕೊನೆಗೆ ಮಾತಾಡಿದವಳು ಗುಡಿಸುವಾಕೆ, ಕೀಲಿಕೈ ಯಾರ ಹತ್ತಿರ ಇತ್ತೋ ಅವರನ್ನೇ ಕೇಳಿ ಎಂದುಬಿಟ್ಟಳು. ತಕ್ಷಣ ಯಜಮಾನರು ಗುಬ್ಬಿಯ ಕೈಚೀಲ ಎಳೆದುಕೊಂಡು ಕೌಂಟರಿನ ಮೇಲೆ ಬೋರಲು ಹಾಕಿದರು. ಊಟದ ಡಬ್ಬಿ, ಬಾಚಣಿಗೆ, ತಲೆನೋವಿನ ಮಾತ್ರೆ, ಹೆಣ್ಣುಮಕ್ಕಳು ಯಾರಿಗೂ ತೋರಿಸದ ಸಣ್ಣಪುಟ್ಟ ಸಾಮಾನು, ಎಲ್ಲ ಗಾಜಿನ ಮೇಲೆ ಹರಡಿಕೊಂಡವು. ಗುಬ್ಬಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ನಾನು ತೆಗ್ದಿಲ್ಲ, ಮಾವ," ಎಂದಳು.

ಮಾವ ಕಿಟಕಿಯಿಂದ ಕೆಳಗಿನ ರಸ್ತೆ ನೋಡುತ್ತ ನಿಂತಿದ್ದರು. ಆ ಕಡೆಯಿಂದ ಹ್ಞೂಂ ಇಲ್ಲ, ಉಹ್ಞೂಂ ಇಲ್ಲ. ಅವಮಾನಕ್ಕೆ ಮಾತು ಹೊರಡುತ್ತಿಲ್ಲ, ಪಾಪ, ಎಂದುಕೊಂಡಳು ಅವಳು.

ನಾಲ್ಕರೊಳಗೆ ವಸ್ತು ಸಿಗದಿದ್ದರೆ ಪೊಲೀಸರಿಗೆ ಹೇಳುವುದೇ ಎಂದರು ಯಜಮಾನರು. ಹಾಗೆಂದು ಪೊಲೀಸರನ್ನು ಮೆಟ್ಟಿಲು ಹತ್ತಿಸಿ ಅಂಗಡಿಯ ಮರ್ಯಾದೆ ಕಳೆದುಕೊಳ್ಳುವ ಮನಸ್ಸೂ ಇರಲಿಲ್ಲ. ಅದಕ್ಕೇ ಮೊದಲು ತಮ್ಮ ಅತ್ತಿಗೆಗೆ ಫೋನ್ ಮಾಡಿದರು.

ಅತ್ತಿಗೆ ವಿಮೆ ಕಂಪನಿಯಲ್ಲಿ ತನಿಖೆ ಮಾಡಿ ನಿವೃತ್ತರಾದವರು. ಸುಟ್ಟೇ ಇಲ್ಲದ ಗೋದಾಮು, ಕಳೆದೇ ಇಲ್ಲದ ಒಡವೆ, ಇಂಥವುಗಳ ಬೆನ್ನು ಹತ್ತಿಯೇ ತಲೆ ನರೆತಿತ್ತು. ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದವರು ಕುರ್ಚಿ ಬೇಡವೆಂದರು. ಹರಡಿಕೊಂಡಿದ್ದ ಸಾಮಾನನ್ನೆಲ್ಲ ತಾವೇ ಗುಬ್ಬಿಯ ಚೀಲಕ್ಕೆ ತುಂಬಿ, ಅವಳ ಕೈಗೆ ಕೊಟ್ಟು, ನಿನ್ನೆ ಸಂಜೆ ಏನೇನಾಯಿತು ಹೇಳು ಎಂದರು.

ಗುಬ್ಬಿ ಹೇಳಿದಳು. ಸಂಜೆ ಮೂರೂ ಜೋಡಿಗಳನ್ನು ಹೊರಗಿಟ್ಟಿದ್ದರು. ಮೊದಲು ಅವಳು ಕೇಳಿದಳು, ಆಮೇಲೆ ಅಂಗಡಿಯ ಹಳೆಯ ಗಿರಾಕಿ ಹಲ್ಲಿನ ಡಾಕ್ಟರು, ಕೊನೆಗೆ ಮಾವ. ಅಷ್ಟರಲ್ಲಿ ಗಿರಾಕಿಗಳು ನುಗ್ಗಿದರು. ಕೀಲಿಕೈ ಕಪಾಟಿನಲ್ಲೇ ಇತ್ತು. ಬಾಗಿಲು ಹಾಕುವ ಹೊತ್ತಿಗೆ ಪೆಟ್ಟಿಗೆಯನ್ನು ಒಳಗಿಟ್ಟು ಬೀಗ ಹಾಕಿದಳು. ತೆರೆದು ನೋಡಲಿಲ್ಲ. ಹುಣಸೆಬೀಜದಷ್ಟು ಗಾತ್ರದ ಎರಡು ತುಂಡು ಇದ್ದರೂ ಅದೇ ಭಾರ, ಇಲ್ಲದಿದ್ದರೂ ಅದೇ ಭಾರ.

"ತುಂಡು ಅಂದ್ರೆ? ತಂತಿ ಸೇರಿ ಅಲ್ವಾ?"

"ತಂತಿ ಬಿಚ್ಚಬಹುದು, ಅಮ್ಮ. ಹಾಳಾದ್ರೆ ಬದಲಾಯಿಸೋಕೆ."

ಅತ್ತಿಗೆ ಪೆಟ್ಟಿಗೆಯನ್ನು ಮತ್ತೆ ತೆರೆಸಿ ನೋಡಿದರು. ಗ್ಯಾರಂಟಿ ಕಾರ್ಡಿಲ್ಲದೆ, ಪೆಟ್ಟಿಗೆಯಿಲ್ಲದೆ, ತಂತಿಯೂ ಇಲ್ಲದೆ ಇದನ್ನು ಯಾರಾದರೂ ಕೊಳ್ಳುತ್ತಾರೆಯೇ? ಯಾರೂ ಮೂಸಿ ನೋಡುವುದಿಲ್ಲ ಎಂದಳು ಗುಬ್ಬಿ. ಇಂಥ ವಸ್ತು ಕೊಳ್ಳುವವರು ಪೆಟ್ಟಿಗೆಯ ಮೂಲೆ ಮುದುಡಿದ್ದರೂ ಮುಖ ಸಿಂಡರಿಸುವ ಜನ.

ಅಷ್ಟರಲ್ಲಿ ಕಳವಿನ ಸುದ್ದಿ ಕೇಳಿ ಹಲ್ಲಿನ ಡಾಕ್ಟರು ಓಡೋಡಿ ಬಂದರು, ಬಾಯಿ ತೆರೆದುಕೊಂಡು ಕೂತಿದ್ದ ಪೇಷೆಂಟನ್ನು ಹಾಗೇ ಬಿಟ್ಟು. ಅನುಮಾನ ಪಡಬೇಕೆಂದರೆ ಅವರಷ್ಟು ತಕ್ಕವರು ಇನ್ನೊಬ್ಬರಿರಲಿಲ್ಲ. ಕಿವಿ ಎರಡೇ ಆದರೂ ಮನೆಯಲ್ಲಿ ಇಯರ್‌ಫೋನ್ ಡಜನ್‌ಗಟ್ಟಲೆ. ಬೂದಿ ಜೋಡಿಯನ್ನು ಮುಂಗಡ ಕೊಟ್ಟಾದರೂ ಕೊಡಿ ಎಂದು ಹಿಂದಿನ ಸಂಜೆ ಯಜಮಾನರಿಗೆ ದುಂಬಾಲು ಬಿದ್ದಿದ್ದರು.

ಅದರಲ್ಲಿ ಅಂಥದ್ದೇನಿದೆ ಎಂದು ಅತ್ತಿಗೆ ಕೇಳಿದ್ದೇ ತಡ, ಡಾಕ್ಟರು ಕಳವನ್ನೇ ಮರೆತರು. ಕಪ್ಪು ಜೋಡಿಯ ಬೇಸ್ ಹೊಟ್ಟೆಯೊಳಗೇ ಬಾರಿಸಿದಂತೆ ಬರುತ್ತದೆ, ಆದರೆ ಒಂದು ಗಂಟೆ ಹಾಕಿದರೆ ಕಿವಿಯ ಒಳಗೆಲ್ಲ ನೋವು. ಬೆಳ್ಳಿಯದರಲ್ಲಿ ಹಾಡುವವರು ಉಸಿರೆಳೆಯುವುದೂ ಕೇಳುತ್ತದೆ, ಆದರೆ ಭಾರ, ಊಟ ಮಾಡುವಾಗ ದವಡೆ ಆಡಿದರೆ ಜಾರಿ ತಟ್ಟೆಗೆ ಬೀಳುತ್ತದೆ. ರಿಪೇರಿಗೆ ಕಳಿಸಿದರಂತೂ ಹೋದದ್ದು ಹೋದಂತೆಯೇ, ಕಂಪನಿಯಿಂದ ಉತ್ತರವಿಲ್ಲ. ಬೂದಿ ಜೋಡಿಯೋ, ಕಿವಿಯಲ್ಲಿರುವುದೇ ಮರೆತುಹೋಗುತ್ತದೆ.

"ದನಿ ನೆಟ್ಟಗೆ ಹಣೆ ನಡುವೆ ಬಂದು ಕೂರುತ್ತೆ. ಬೇಕಾದ್ರೆ ಇವಳನ್ನೇ ಕೇಳಿ. ನಿನ್ನೆ ಇವಳು ಹೇಳಿದ್ದೂ ಅದೇ. ಕಿವಿಯಣ್ಣ ಏನು ಹೇಳ್ತಾರೋ ಇವಳೂ ಅದನ್ನೇ ಹೇಳ್ತಾಳೆ, ಒಂದಕ್ಷರ ಆಚೀಚೆ ಇಲ್ಲ. ಒಳ್ಳೆ ಶಿಷ್ಯೆ."

"ಮೊದಲು ಹೇಳೋದು ಯಾರು?" ಎಂದರು ಅತ್ತಿಗೆ.

ಡಾಕ್ಟರು ತಲೆ ಕೆರೆದುಕೊಂಡರು. ಮೊದಲು ಗುಬ್ಬಿಯೇ. 'ನಿನಗೇನು ಕೇಳಿಸ್ತು, ಹೇಳು' ಎಂದು ಮಾವ ಗಿರಾಕಿಗಳ ಎದುರಿಗೇ ಪಾಠ ಒಪ್ಪಿಸಿಕೊಳ್ಳುತ್ತಾರೆ, ಆಮೇಲೆ ತೀರ್ಪು ಕೊಡುತ್ತಾರೆ. ಅತ್ತಿಗೆ ಅವರನ್ನು ಪೇಷೆಂಟಿನ ಬಾಯಿ ಮುಚ್ಚಿಸಲು ಕಳಿಸಿಕೊಟ್ಟರು. ಯಜಮಾನರಿಗೆ ಸಿಟ್ಟು ಬಂತು. ಸರಿಯಾದ ಕಳ್ಳನನ್ನೇ ಬಿಟ್ಟು ಕಳಿಸಿದಿರಲ್ಲ ಎಂದು ಗೊಣಗಿದರು.

ಈಗ ಮಾವನ ಸರದಿ. ಅವರಿನ್ನೂ ಕಿಟಕಿಯ ಹತ್ತಿರವೇ ಇದ್ದರು. ಕಳವು ಯಾರು ಮಾಡಿದರೋ ತಮಗೆ ತಿಳಿಯದು ಎಂದರು. ಒಂದು ಲೆಕ್ಕಕ್ಕೆ ಪರೀಕ್ಷೆ ನಿಂತರೇ ಒಳ್ಳೆಯದು ಎಂದೂ ಸೇರಿಸಿದರು.

"ಯಾಕೆ?"

"ಅದರಲ್ಲಿ ದೋಷ ಇದೆ. ದನಿ ಎಡಕ್ಕೆ ಸರಿದಿದೆ. ಮಾರಾಟಕ್ಕೆ ತಗೊಂಡ್ರೆ ನಮ್ಮ ಹೆಸರು ಹಾಳಾಗುತ್ತೆ."

ಗುಬ್ಬಿ ಹುಬ್ಬು ಗಂಟಿಕ್ಕಿದಳು. ಅವಳಿಗೆ ಹಾಗೆ ಕೇಳಿಸಿರಲಿಲ್ಲ. ಆದರೆ ಮಾವನ ಕಿವಿಯ ಮುಂದೆ ತನ್ನದೇನು ಎಂದು ಸುಮ್ಮನಾದಳು. ಅತ್ತಿಗೆ ಅವಳನ್ನು ರಿಪೇರಿ ಮೇಜಿನ ಕಡೆಗೆ ಕರೆದೊಯ್ದರು.

ಗಡಿಯಾರದ ಮುಳ್ಳು ಓಡುತ್ತಿತ್ತು. ಗುಬ್ಬಿಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಚೀಲದ ಜಿಪ್ಪು ಎಳೆಯುತ್ತಾಳೆ, ಮುಚ್ಚುತ್ತಾಳೆ, ಮತ್ತೆ ಎಳೆಯುತ್ತಾಳೆ. ಕೆಳಗೆ ಗಾಡಿ ನಿಂತ ಸದ್ದಾದರೆ ಸಾಕು, ಪೊಲೀಸರೇ ಬಂದರೇನೋ ಎಂದು ಮೆಟ್ಟಿಲ ಕಡೆ ಕತ್ತು ಚಾಚುತ್ತಾಳೆ. ನಾಳೆ ಕಳ್ಳಿ ಎನ್ನಿಸಿಕೊಂಡು ಅಮ್ಮನ ಮುಂದೆ ಹೇಗೆ ನಿಲ್ಲುವುದು? ಇನ್ನು ಯಾವ ಅಂಗಡಿಯವರು ಬೀಗದ ಕೈ ಕೊಟ್ಟಾರು?

"ಒಂದು ಮಾತು ಹೇಳು," ಎಂದರು ಅತ್ತಿಗೆ. "ದನಿ ಒಂದು ಕಡೆಗೆ ಸರಿದಿದೆ ಅನ್ನಿಸಿದ್ರೆ ನೀವು ಏನು ಮಾಡ್ತೀರಿ?"

"ಎಡದ್ದನ್ನ ಬಲಕಿವಿಗೆ, ಬಲದ್ದನ್ನ ಎಡಕಿವಿಗೆ ಹಾಕಿ ನೋಡ್ತೀವಿ. ಸರಿಯಾಗಿ ಕೂರಲ್ಲ, ಆದ್ರೆ ಎರಡು ನಿಮಿಷಕ್ಕೆ ಸಾಕು. ಇಯರ್‌ಫೋನಿನ ದೋಷ ಆಗಿದ್ರೆ ದನಿ ಆ ಕಡೆಯಿಂದ ಈ ಕಡೆಗೆ ಹಾರುತ್ತೆ. ಮಾವ ಕಲಿಸಿದ ಮೊದಲನೇ ಪಾಠವೇ ಇದು."

"ನಿನ್ನೆ ನಿಮ್ಮ ಮಾವ ಹಾಗೆ ಮಾಡಿದ್ರಾ?"

ಗುಬ್ಬಿ ಹಿಂದಿನ ಸಂಜೆಯನ್ನು ನೆನಪಿಸಿಕೊಂಡಳು. ಮಾಡಿರಲಿಲ್ಲ. ಕಿವಿಗಿಟ್ಟುಕೊಂಡರು, ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರು, ತೆಗೆದರು, ಅಷ್ಟೆ.

ಅತ್ತಿಗೆ ಮೇಜಿನ ಕಡೆ ತಿರುಗಿದರು. ರಿಪೇರಿ ಮೇಜಿನ ಮೇಲೆ ಒಂದು ತಗಡಿನ ತಟ್ಟೆಯಿತ್ತು. ಗಿರಾಕಿಗಳು ಬಿಟ್ಟುಹೋದ, ಜೀವ ಹೋದ ಇಯರ್‌ಫೋನುಗಳ ರಾಶಿ ಅದರಲ್ಲಿ. ಒಂದಕ್ಕೂ ತಂತಿಯಿಲ್ಲ. ಅತ್ತಿಗೆ ಸೊಪ್ಪು ಆರಿಸುವವರ ಹಾಗೆ ನಿಧಾನವಾಗಿ ಕೈಯಾಡಿಸಿದರು. ಕೊನೆಗೆ ಎರಡು ತುಂಡು ಎತ್ತಿಕೊಂಡು, ತುಟಿಯ ಮೇಲೆ ಬೆರಳಿಟ್ಟು, ಸದ್ದಿಲ್ಲದೆ ನಡೆದು ಹೋಗಿ ಮಾವನ ಬಲಗಡೆಗೆ ನಿಂತರು.

"ಬೂದಿ ಜೋಡಿ ಸಿಕ್ಕಿತು," ಎಂದರು, ಮೆಲ್ಲಗೆ.

ಅಂಗಡಿಯ ಆ ತುದಿಯಲ್ಲಿದ್ದ ಯಜಮಾನರು ಕುರ್ಚಿಯಿಂದ ಚಂಗನೆ ಎದ್ದರು. ಗುಬ್ಬಿಯ ಕೈಯಿಂದ ಚೀಲ ಜಾರಿತು. ಗುಡಿಸುವಾಕೆ ಕೂಡ ಪೊರಕೆ ನಿಲ್ಲಿಸಿ ಕತ್ತೆತ್ತಿದಳು. ಮೊಳದ ದೂರದಲ್ಲಿದ್ದ ಕಿವಿಯಣ್ಣ ಮಾತ್ರ ಎಡಗೆನ್ನೆಯನ್ನು ಗದ್ದಲದ ರಸ್ತೆಯ ಕಡೆ ಕೊಟ್ಟು ಕೆಳಗೆ ನೋಡುತ್ತಲೇ ಇದ್ದರು.

ಗುಬ್ಬಿ ಕಿಟಕಿಯ ಕಡೆ ಒಂದು ಹೆಜ್ಜೆ ಇಟ್ಟಳು.

ಅತ್ತಿಗೆ ಅವರ ಭುಜ ಮುಟ್ಟಿ ತಿರುಗಿಸಿ, ಅಂಗೈ ಬಿಚ್ಚಿ ತೋರಿಸಿದರು. ಆಮೇಲೆ ಯಜಮಾನರ ಕಡೆ ತಿರುಗಿ ಬಿಡಿಸಿ ಹೇಳಿದರು. ಮಾರುವ ಕಳ್ಳನಾಗಿದ್ದರೆ ಪೆಟ್ಟಿಗೆ ಸಮೇತ ಒಯ್ಯುತ್ತಿದ್ದ. ಡಾಕ್ಟರರಂಥ ಹುಚ್ಚನಾಗಿದ್ದರೆ ತಂತಿಯನ್ನಾದರೂ ಒಯ್ಯುತ್ತಿದ್ದ, ಅದಿಲ್ಲದೆ ಹಾಡು ಕೇಳುವುದು ಹೇಗೆ? ತಂತಿ ಬಿಚ್ಚಿದ್ದು ಒಂದೇ ಕಾರಣಕ್ಕೆ. ತಂತಿಯಿಲ್ಲದಿದ್ದರೆ ಇದು ತಟ್ಟೆಯ ರಾಶಿಯಲ್ಲಿ ರಾಶಿಯಾಗಿಬಿಡುತ್ತದೆ. ವಸ್ತು ಅಂಗಡಿ ಬಿಟ್ಟು ಹೋಗಲೇ ಇಲ್ಲ. ಅಂದ ಮೇಲೆ ತೆಗೆದವರಿಗೆ ವಸ್ತು ಬೇಕಿರಲಿಲ್ಲ, ಇವತ್ತಿನ ಪರೀಕ್ಷೆ ಬೇಡವಾಗಿತ್ತು.

"ಪರೀಕ್ಷೆಗೆ ಹೆದರಬೇಕಾದವರು ಯಾರು? ಕೂರೋರು ತಾನೇ? ಡಾಕ್ಟರಿಗೆ ನಡುವೆ ಕೇಳಿದ ದನಿ, ಇವಳಿಗೆ ನಡುವೆ ಕೇಳಿದ ದನಿ, ಇವರೊಬ್ಬರಿಗೆ ಮಾತ್ರ ಎಡಕ್ಕೆ ಹೋಯ್ತು. ಅದಲುಬದಲು ಮಾಡಿ ನೋಡೋದನ್ನ ಊರಿಗೆಲ್ಲ ಕಲಿಸಿದವರು ತಾವೇ ಮಾಡಲಿಲ್ಲ. ಯಾಕೆ? ಮಾಡಿದ್ರೂ ದನಿ ಜಾಗ ಬಿಡಲ್ಲ ಅಂತ ಗೊತ್ತಿತ್ತು. ದೋಷ ಇರೋದು ಇಯರ್‌ಫೋನಲ್ಲಿ ಅಲ್ಲ."

ಯಜಮಾನರು ಹಾಗಾದರೆ ಇಷ್ಟು ದಿನದ ತೀರ್ಪುಗಳು ಎಂದು ತಡವರಿಸಿದರು. ಅತ್ತಿಗೆ ಗುಬ್ಬಿಯ ಕಡೆ ಕೈ ತೋರಿಸಿದರು. ಅವು ಇವಳ ಕಿವಿಯ ತೀರ್ಪುಗಳು. ಇವಳು ಪಾಠ ಒಪ್ಪಿಸುತ್ತಿದ್ದೇನೆ ಎಂದುಕೊಂಡಿದ್ದಳು, ಅವರು ಬರೆದುಕೊಂಡವರ ಹಾಗೆ ಅದನ್ನೇ ತಿರುಗಿಸಿ ಹೇಳುತ್ತಿದ್ದರು. ಇವತ್ತಿನ ಕೋಣೆಯಲ್ಲಿ ಇವಳಿಗೆ ಜಾಗವಿರಲಿಲ್ಲ.

ಮಾವ ಅಲ್ಲಗಳೆಯಲಿಲ್ಲ. ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಎದ್ದಾಗ ಬಲಕಿವಿ ಮುಚ್ಚಿಹೋಗಿತ್ತಂತೆ. ನೆಗಡಿ ಇರಬೇಕೆಂದು ಸುಮ್ಮನಿದ್ದರಂತೆ. ಕಿವಿಯ ಡಾಕ್ಟರ ಹತ್ತಿರ ಹೋಗುವ ಹೊತ್ತಿಗೆ ತಡವಾಗಿತ್ತು, ಹೋದದ್ದು ಇನ್ನು ಬರುವುದಿಲ್ಲ ಎಂದರಂತೆ. ಕಿವಿಯಣ್ಣ ಎನ್ನಿಸಿಕೊಂಡವನು ಕಿವುಡ ಎಂದು ಯಾವ ಬಾಯಲ್ಲಿ ಹೇಳಲಿ ಎಂದರು. ಇವತ್ತಿನ ಪರೀಕ್ಷೆ ತಪ್ಪಿದರೆ ನಾಳೆಯೋ ನಾಡಿದ್ದೋ ತಟ್ಟೆಯಲ್ಲಿ 'ಸಿಕ್ಕಿತು' ಎಂದು ತಾವೇ ಎತ್ತಿಕೊಡುವವರಿದ್ದರು.

ಯಜಮಾನರ ಹಿತ್ತಾಳೆ ಕಿವಿ ಈಗ ಇನ್ನೊಂದು ಕಡೆಗೆ ಬಾಗಿತು. ಗುಬ್ಬಿಯ ಚೀಲವನ್ನು ನೆಲದಿಂದ ತಾವೇ ಎತ್ತಿ, ಧೂಳು ಒರೆಸಿ, ಅವಳ ಭುಜಕ್ಕೇ ಏರಿಸಿದರು. ನೀನೇ ಕೂತುಬಿಡು ತಾಯಿ, ಅಂಗಡಿ ಉಳಿಸು ಎಂದರು. ಹೊರಗೆ ಮಾತ್ರ ಕಿವಿಯಣ್ಣನ ಹೆಸರೇ ಇರಲಿ ಎಂದೂ ಮೆಲ್ಲಗೆ ಸೇರಿಸಿದರು.

"ಕೂರ್ತೀನಿ," ಎಂದಳು ಗುಬ್ಬಿ. "ಆದ್ರೆ ನನ್ನ ಹೆಸರಲ್ಲಿ."

ಅವಳಿಗೆ ಖುಷಿಯೇನೂ ಆಗಲಿಲ್ಲ. ಕಳ್ಳಿ ಅಲ್ಲವೆಂದಾಯಿತು, ಕಿವಿ ತನ್ನದೇ ಎಂದೂ ಆಯಿತು, ಅಷ್ಟೆ. ಕಿವಿ ಹೋದದ್ದಕ್ಕೆ ಮಾವನ ಮೇಲೆ ಅಯ್ಯೋ ಅನ್ನಿಸಿತು. ಮುಚ್ಚಿಟ್ಟದ್ದನ್ನೂ ಕ್ಷಮಿಸಬಹುದಿತ್ತು. ಒಂದೇ ಒಂದು ವಿಷಯ ಅವಳನ್ನು ಬಿಡಲಿಲ್ಲ. ಅದಕ್ಕೆ ಒಂದು ನೆಪ ಹುಡುಕಿಕೊಡಲು ಅವಳು ತಾನೇ ತಯಾರಿದ್ದಳು.

ತಯಾರಕರ ಗಾಡಿ ಕೆಳಗೆ ಬಂದು ನಿಂತಿತು. ಯಜಮಾನರು ಎದುರುಗೊಳ್ಳಲು ಓಡಿದರು. ಗುಬ್ಬಿ ಮಾವನ ಎದುರು ಹೋಗಿ ನಿಂತಳು.

"ಬೆಳಿಗ್ಗೆ ನನ್ನ ಚೀಲ ಬೋರಲು ಹಾಕಿದಾಗ ನಾನು ತೆಗ್ದಿಲ್ಲ ಅಂದೆ, ಮಾವ. ನೀವು ಮಾತಾಡ್ಲಿಲ್ಲ. ಕಿವಿಗೆ ಬಿದ್ದಿರಲಿಲ್ಲ ಅಲ್ವಾ?"

ಮಾವ ತಲೆ ತಗ್ಗಿಸಿದರು. ಹೂಂ ಎಂದಿದ್ದರೆ ಅವಳು ನಂಬುತ್ತಿದ್ದಳು, ಅದು ಅವರಿಗೂ ಗೊತ್ತಿತ್ತು.

"ಕೇಳಿಸ್ತು," ಎಂದರು. "ನೀನು ನನ್ನ ಎಡಗಡೆಗೇ ನಿಂತಿದ್ದೆ."